ಹೃದಯದ ಆರೋಗ್ಯ ಮತ್ತು ಸಹಕಾರ ಸಂಘಗಳು: ಒಂದು ಹಿನ್ನೋಟ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿರುವ ಈ ಶುಭ ಸಂದರ್ಭದಲ್ಲಿ ಸಂಘ ಎಷ್ಟು ಲೀಟರ್ ಹಾಲು ಶೇಖರಿಸಿತು, ಎಷ್ಟು ಬೋನಸ್ ಹಂಚಿತು ಎಂಬ ಲೆಕ್ಕವೆಲ್ಲ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿದೆ. ನಾವು ಇಲ್ಲಿ ಬರೆಯಹೊರಟಿರುವುದು ಇನ್ನೊಂದು ಲೆಕ್ಕ. ದಿನಕ್ಕೆ ಎರಡು ಸಲ ಕ್ಯಾನು ಹಿಡಿದು ಡೈರಿ ಮುಂದೆ ನಿಲ್ಲುತ್ತೇವೆ. ಹಾಲಿನ ಡಿಗ್ರಿ ನೋಡುತ್ತಾರೆ, ಫ್ಯಾಟು ನೋಡುತ್ತಾರೆ, ಒಂದು ಪಾಯಿಂಟ್ ಕಮ್ಮಿ ಬಂದರೂ ಗಲಾಟೆ ಮಾಡುತ್ತೇವೆ. ಆದರೆ ಆ ಸಾಲಿನಲ್ಲಿ ನಿಂತವರಲ್ಲಿ ತಮ್ಮ ಬಿಪಿ ಎಷ್ಟು ಅಂತ ಗೊತ್ತಿರುವವರು ಎಷ್ಟು ಜನ? ಕೈ ಎತ್ತಿ ಅಂದರೆ ಬಹಳ ಕೈಗಳು ಮೇಲೇಳಲಾರವು.

ಹೃದಯದ ಕಾಯಿಲೆ ಪೇಟೆಯವರದು, ಕುರ್ಚಿ ಮೇಲೆ ಕೂತು ಉಣ್ಣುವವರದು ಎಂದು ನಮ್ಮ ಹಿರಿಯರು ನಂಬಿದ್ದರು. ಮೈಮುರಿದು ದುಡಿಯುವ ರೈತನಿಗೆ ಅದು ಬರೋದಿಲ್ಲ ಎಂಬ ಮಾತು ಈಗ ಸುಳ್ಳಾಗಿದೆ. 2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಒಂದರ ಹಿಂದೊಂದು ಹೃದಯಾಘಾತದ ಸಾವಿನ ಸುದ್ದಿ ಬಂದಾಗ ಇಡೀ ರಾಜ್ಯ ಬೆಚ್ಚಿತು. ಜಯದೇವ ಆಸ್ಪತ್ರೆಗಳ ಮುಂದೆ ಜನ ಬೆಳಗಿನ ಜಾವದಿಂದಲೇ ಸಾಲು ನಿಂತರು. ಸರ್ಕಾರ ನೇಮಿಸಿದ ತಜ್ಞರು ಪರಿಶೀಲಿಸಿ ನೋಡಿದಾಗ ಕಂಡದ್ದು ಹೊಸ ರೋಗವೇನಲ್ಲ. ಬಿಪಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕುಡಿತ, ಇವೇ ಹಳೆಯ ಕಾರಣಗಳು. ಹೆದರಿಕೆ ಹೊಸದು, ಕಾಯಿಲೆ ಹಳೆಯದು. ಹಾಗಾಗಿ ಇದನ್ನು ಎದುರಿಸಲು ಹಳ್ಳಿಯ ಜನ, ಅದರಲ್ಲೂ ಸಹಕಾರ ಸಂಘಗಳು, ಏನು ಮಾಡಿದ್ದಾವೆ, ಏನು ಮಾಡಬಹುದು ಎಂದು ತಿಳಿಯುವುದು ಒಳ್ಳೆಯದು.

ಐದು ರೂಪಾಯಿಯ ಕಥೆ

ಕರ್ನಾಟಕಕ್ಕೂ ಸಹಕಾರಕ್ಕೂ ಇರುವ ನಂಟು ಹಳೆಯದು. 1904ರಲ್ಲಿ ಸಹಕಾರಿ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಅಂದಿನ ಗುರಿ. ನೂರು ವರ್ಷ ಕಳೆಯುವ ಹೊತ್ತಿಗೆ ರೈತನ ಸಾಲಕ್ಕೆ ಇನ್ನೊಂದು ದೊಡ್ಡ ಕಾರಣ ಹುಟ್ಟಿಕೊಂಡಿತ್ತು: ಆಸ್ಪತ್ರೆಯ ಬಿಲ್ಲು. ಹಾರ್ಟ್ ಆಪರೇಶನ್ ಅಂದರೆ ಲಕ್ಷದ ಮಾತು. ಹಸು ಮಾರಿ, ಜಮೀನು ಅಡವಿಟ್ಟು, ಕೊನೆಗೆ ಸಾಲದೆ ಬಂದು ರೋಗಿಯನ್ನು ವಾಪಸು ಮನೆಗೆ ಕರೆತಂದವರು ಊರೂರಿಗೂ ಇದ್ದರು.

ಇದಕ್ಕೊಂದು ಉಪಾಯ ಹೊಳೆದದ್ದು ದಕ್ಷಿಣ ಕನ್ನಡದ ಕಿನ್ನಿಗೋಳಿಯವರಾದ ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರಿಗೆ. ಅವರ ಲೆಕ್ಕ ಸರಳ. ಸಾವಿರಾರು ಜನರಲ್ಲಿ ಆಪರೇಶನ್ ಬೇಕಾಗುವುದು ಒಂದು ವರ್ಷಕ್ಕೆ ಕೆಲವರಿಗೆ ಮಾತ್ರ. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕಿದರೆ ಆ ಕೆಲವರ ಖರ್ಚು ಹೊರಡುತ್ತದೆ. ಇನ್ನೊಂದು ಕಡೆ ಜಿಲ್ಲೆಗಳ ಖಾಸಗಿ ಆಸ್ಪತ್ರೆಗಳಲ್ಲಿ ಹಾಸಿಗೆಗಳು ಖಾಲಿ ಬಿದ್ದಿದ್ದವು. ಹಣ ಕೂಡಿಸುವವರು ಯಾರು ಎಂಬುದೊಂದೇ ಪ್ರಶ್ನೆ. ಲಕ್ಷಾಂತರ ರೈತರ ಹೆಸರು ವಿಳಾಸ ಬರೆದಿಟ್ಟುಕೊಂಡು, ದಿನಾ ಅವರ ಜೊತೆ ವ್ಯವಹಾರ ಮಾಡುವ ಸಂಸ್ಥೆ ಬೇಕಿತ್ತು. ಅಂಥದ್ದು ಊರಲ್ಲೇ ಇತ್ತು: ಸಹಕಾರ ಸಂಘ.

2002ರ ನವೆಂಬರ್ 14ರಂದು ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ಅವರು ಯಶಸ್ವಿನಿ ಯೋಜನೆಯನ್ನು ಉದ್ಘಾಟಿಸಿದರು. 2003ರ ಜೂನ್ 1ರಿಂದ ಅದು ಜಾರಿಗೆ ಬಂತು. ಒಬ್ಬರಿಗೆ ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ ಅರವತ್ತು. ಸರ್ಕಾರ ತನ್ನ ಪಾಲನ್ನೂ ಹಾಕಿತು. ಮಧ್ಯದಲ್ಲಿ ವಿಮಾ ಕಂಪನಿ ಇರಲಿಲ್ಲ. ಒಂದು ಟ್ರಸ್ಟ್ ಮಾಡಿ, ಕೂಡಿದ ಹಣವನ್ನು ಅದರ ಕೈಗೆ ಕೊಟ್ಟರು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ತಲಾ ಅರವತ್ತರಂತೆ ಗುಣಿಸಿ ನೋಡಿ, ಒಂಬತ್ತೂವರೆ ಕೋಟಿ ದಾಟುತ್ತದೆ. ಆ ವರ್ಷ ಒಂಬತ್ತು ಸಾವಿರದಷ್ಟು ಆಪರೇಶನ್‌ಗಳಾದವು. ಅಂದರೆ ನೂರಕ್ಕೆ ಒಬ್ಬರಂತೆಯೂ ಬೀಳಲಿಲ್ಲ. ಹನಿ ಹನಿ ಕೂಡಿ ಹಳ್ಳ ಎಂದು ನಾವು ಬಾಯಲ್ಲಿ ಹೇಳುವ ಗಾದೆ ಅಲ್ಲಿ ಕಣ್ಣಿಗೆ ಕಂಡಿತು.

ಆಗ ಹಣ ಕಟ್ಟಿಸಿಕೊಳ್ಳುವುದು ಸುಲಭವಿರಲಿಲ್ಲ. "ನಂಗೇನಾಗಿದೆ, ಗಟ್ಟಿಮುಟ್ಟಾಗಿದೀನಿ" ಅನ್ನುವವರು ಕೆಲವರು. "ದುಡ್ಡು ಕಟ್ಟಿದ್ರೆ ಕಾಯಿಲೆ ಕರ್ದಂಗೆ" ಅನ್ನುವವರು ಇನ್ನು ಕೆಲವರು. ಕಾಯಿಲೆ ಬೀಳದವನ ಅರವತ್ತು ರೂಪಾಯಿ ಕಾಯಿಲೆ ಬಿದ್ದವನಿಗೆ ಹೋಗುತ್ತದೆ ಎಂಬುದನ್ನು ಒಪ್ಪಿಸುವುದೇ ಸಹಕಾರದ ಪಾಠ. ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ ಎಂದು ಗೋಡೆ ಮೇಲೆ ಬರೆಸಿದ್ದಕ್ಕಿಂತ ಆ ರಸೀದಿ ಪುಸ್ತಕ ಹೆಚ್ಚು ಕಲಿಸಿತು.

ಯೋಜನೆಯಿಂದ ಹೆಚ್ಚು ಉಪಕಾರವಾದವರಲ್ಲಿ ಹೃದಯದ ಕವಾಟ ಕೆಟ್ಟ ಬಡವರ ಮನೆಯ ಮಕ್ಕಳೂ ಇದ್ದರು ಎಂಬುದನ್ನು ಇಲ್ಲಿ ಹೇಳಬೇಕು. ಚಿಕ್ಕಂದಿನಲ್ಲಿ ಬಂದ ಗಂಟಲು ನೋವಿಗೆ ಸರಿಯಾಗಿ ಔಷಧಿ ಆಗದಿದ್ದರೆ ಕೆಲವು ಮಕ್ಕಳಲ್ಲಿ ಅದು ಕೀಲುನೋವಿನ ಜ್ವರವಾಗಿ, ಒಳಗೊಳಗೇ ಹೃದಯದ ಕವಾಟವನ್ನು ಹಾಳು ಮಾಡುತ್ತದೆ. ಹತ್ತು ಹದಿನೈದು ವರ್ಷದ ಮೇಲೆ ಹುಡುಗಿ ಬಸುರಿಯಾದಾಗಲೋ, ಹುಡುಗ ಮೂಟೆ ಹೊರುವಾಗಲೋ ಏದುಸಿರು ಬರುತ್ತದೆ.

ಇನ್ನೊಂದು ಮುಖವನ್ನೂ ಮರೆಮಾಚಬಾರದು. 2005ರಲ್ಲಿ ವಂತಿಗೆ ಅರವತ್ತರಿಂದ ನೂರಿಪ್ಪತ್ತಕ್ಕೆ ಏರಿದಾಗ ಸದಸ್ಯರ ಸಂಖ್ಯೆ ಇಳಿಯಿತು. 2018ರಲ್ಲಿ ಆರೋಗ್ಯ ಕರ್ನಾಟಕ ಬಂದಾಗ ಯಶಸ್ವಿನಿಯನ್ನು ನಿಲ್ಲಿಸಲಾಯಿತು. ನಾಲ್ಕು ವರ್ಷಕ್ಕೂ ಮೇಲೆ ಕಾರ್ಡುಗಳು ಪೆಟ್ಟಿಗೆಯಲ್ಲೇ ಉಳಿದವು. ಸಹಕಾರಿಗಳ ಒತ್ತಾಯದಿಂದ 2022ರ ನವೆಂಬರ್‌ನಲ್ಲಿ ಮತ್ತೆ ನೋಂದಣಿ ಶುರುವಾಗಿ, 2023ರ ಜನವರಿ 1ರಿಂದ ಯೋಜನೆ ಮರಳಿತು. ಆಗ ಗ್ರಾಮೀಣ ಸಂಘಗಳ ಸದಸ್ಯರಿಗೆ ನಾಲ್ವರ ಕುಟುಂಬಕ್ಕೆ 500 ರೂಪಾಯಿ ಎಂದೂ, ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಎಂದೂ ನಿಗದಿಯಾಯಿತು.

ಆಪರೇಶನ್ನಿಗೆ ಮುಂಚೆ

ಯಶಸ್ವಿನಿ ನಮ್ಮನ್ನು ಆಸ್ಪತ್ರೆಯ ಬಾಗಿಲು ದಾಟಿಸಿತು, ನಿಜ. ಆದರೆ ಆಪರೇಶನ್ ಮೇಜಿನ ಮೇಲೆ ಮಲಗುವ ಹೊತ್ತಿಗೆ ಕಾಯಿಲೆ ಇಪ್ಪತ್ತು ವರ್ಷದ್ದಾಗಿರುತ್ತದೆ. ರಕ್ತನಾಳದ ಒಳಗೋಡೆಗೆ ಕೊಬ್ಬು ಕೂತು ಕೂತು, ಕೊನೆಗೊಂದು ದಿನ ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದಾಗ ಎದೆ ಹಿಡಿದುಕೊಳ್ಳುತ್ತದೆ. ಅದಕ್ಕೂ ಮುಂಚಿನ ಇಪ್ಪತ್ತು ವರ್ಷದಲ್ಲಿ ಊರಿನವರು ಏನಾದರೂ ಮಾಡಬಹುದೇ? ಇದಕ್ಕೆ ಉತ್ತರ ಕೊಟ್ಟದ್ದು ನಮ್ಮ ಹಾಗೆಯೇ ಹಸು ಕಟ್ಟಿಕೊಂಡು ಬದುಕುತ್ತಿದ್ದ ಒಂದು ದೂರದ ಸೀಮೆ.

ಫಿನ್ಲೆಂಡ್ ದೇಶದ ಪೂರ್ವ ಗಡಿಯಲ್ಲಿ ಉತ್ತರ ಕರೇಲಿಯಾ ಎಂಬ ಪ್ರಾಂತ್ಯವಿದೆ. ಕಾಡು ಕಡಿಯುವುದು, ಹೈನುಗಾರಿಕೆ, ಇವೇ ಅಲ್ಲಿನ ಕಸುಬು. ರೊಟ್ಟಿಗೆ ದಪ್ಪನೆ ಬೆಣ್ಣೆ, ಉಪ್ಪು ಹಾಕಿಟ್ಟ ಮಾಂಸ, ಗಂಡಸರ ಕೈಯಲ್ಲಿ ಸದಾ ಸಿಗರೇಟು. 1960ರ ದಶಕದ ಕೊನೆಗೆ ಹೃದಯಾಘಾತದಿಂದ ಗಂಡಸರು ಸಾಯುವ ಪ್ರಮಾಣ ಪ್ರಪಂಚದಲ್ಲೇ ಅಲ್ಲಿ ಅತಿ ಹೆಚ್ಚಿನದರಲ್ಲಿ ಸೇರಿತ್ತು. 1971ರಲ್ಲಿ ಅಲ್ಲಿನ ಜನಪ್ರತಿನಿಧಿಗಳು ಸೇರಿ ಸರ್ಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ಕೆಲಸ ಶುರುವಾಯಿತು. ಅದರ ಮುಂದಾಳು ಪೆಕ್ಕಾ ಪುಸ್ಕಾ ಎಂಬ ವೈದ್ಯರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ.

ದೊಡ್ಡ ಆಸ್ಪತ್ರೆ ಕಟ್ಟುವ ಗೋಜಿಗೆ ಅವರು ಹೋಗಲಿಲ್ಲ. ಊರಿನ ಸಂಘಗಳನ್ನು ಹುಡುಕಿಕೊಂಡು ಹೋದರು. ಮಾರ್ತಾ ಎಂಬ ಗೃಹಿಣಿಯರ ಸಂಘದವರು ಹಳ್ಳಿಗಳಲ್ಲಿ ಸಭೆ ಕರೆದು, ಅದೇ ಹಳೆಯ ಅಡುಗೆಯನ್ನು ಕಡಿಮೆ ಕೊಬ್ಬು, ಕಡಿಮೆ ಉಪ್ಪು ಹಾಕಿ, ತರಕಾರಿ ಸೇರಿಸಿ ಮಾಡಿ ತೋರಿಸಿದರು. ಎಲ್ಲರೂ ಕೂತು ಉಂಡರು. ಜನ ಮಾತು ಕೇಳುವಂಥವರನ್ನು ಊರೂರಲ್ಲಿ ಆರಿಸಿ ತರಬೇತಿ ಕೊಟ್ಟರು. ಬಿಪಿ ಇರುವವರ ಹೆಸರು ಬರೆದಿಟ್ಟು, ಮಾತ್ರೆ ತಪ್ಪದಂತೆ ನರ್ಸುಗಳು ನೋಡಿಕೊಂಡರು. ಮುಂದೆ ಹಳ್ಳಿ ಹಳ್ಳಿಗಳ ನಡುವೆ ಯಾರು ಕೊಲೆಸ್ಟರಾಲ್ ಹೆಚ್ಚು ಇಳಿಸುತ್ತೀರಿ ಎಂದು ಪಂದ್ಯವನ್ನೂ ಇಟ್ಟರು.

ಹೈನುಗಾರರು ಸುಮ್ಮನಿರಲಿಲ್ಲ. ಬೆಣ್ಣೆ ಬೇಡ ಅಂದರೆ ನಾವು ಏನು ತಿನ್ನೋಣ ಎಂದು ಸಿಟ್ಟಾದರು. ಅವರ ಸಿಟ್ಟು ನ್ಯಾಯವಾಗಿತ್ತು. ಆಗ ಆ ಸೀಮೆಯಲ್ಲಿ ಚೆನ್ನಾಗಿ ಬರುವ ಬೆರ್ರಿ ಹಣ್ಣುಗಳ ಕೃಷಿಗೆ ಉತ್ತೇಜನ ಕೊಟ್ಟು, ಹೈನುಗಾರರಿಗೆ ಇನ್ನೊಂದು ಆದಾಯ ತೋರಿಸಿದರು. ಜನರ ಹೊಟ್ಟೆಪಾಡು ಬಿಟ್ಟು ಆರೋಗ್ಯ ಮಾತಾಡಿದರೆ ಯಾರೂ ಕೇಳುವುದಿಲ್ಲ ಎಂಬುದು ಅವರಿಗೆ ಗೊತ್ತಾಗಿತ್ತು.

ಆ ಕಾರ್ಯಕ್ರಮ 1997ರಲ್ಲಿ ಮುಗಿಯಿತು. ಸರಿಯಾಗಿ ಇಪ್ಪತ್ತೈದು ವರ್ಷ, ಅಂದರೆ ಅದಕ್ಕೂ ಒಂದು ಬೆಳ್ಳಿಹಬ್ಬ. ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯಾಘಾತದ ಸಾವು ಮುಂದಿನ ವರ್ಷಗಳಲ್ಲಿ ಮೊದಲಿಗಿಂತ ನೂರಕ್ಕೆ ಸುಮಾರು 85ರಷ್ಟು ಇಳಿಯಿತು. ಒಳ್ಳೆಯ ಚಿಕಿತ್ಸೆಯ ಪಾಲೂ ಅದರಲ್ಲಿದೆ. ಆದರೆ ದೊಡ್ಡ ಪಾಲು ಅಡುಗೆ ಮನೆಯದು, ಬಿಟ್ಟ ಸಿಗರೇಟಿನದು, ತಪ್ಪದೆ ನುಂಗಿದ ಬಿಪಿ ಮಾತ್ರೆಯದು.

ನಮ್ಮ ಊರಿಗೆ ಬಂದರೆ

ಫಿನ್ಲೆಂಡಿನ ಬೆಣ್ಣೆಯ ಮಾತು ನಮಗೆ ಹಾಗೇ ಹೊಂದುವುದಿಲ್ಲ. ನಮ್ಮಲ್ಲಿ ಎಷ್ಟೋ ಮನೆಯವರು ಹಾಲೆಲ್ಲ ಡೈರಿಗೆ ಹಾಕಿ ಕರಿ ಕಾಫಿ ಕುಡಿಯುತ್ತಾರೆ. ನಮ್ಮ ಶತ್ರುಗಳು ಬೇರೆ. ಮೊದಲನೆಯದು ಉಪ್ಪು. ಉಪ್ಪಿಗಿಂತ ರುಚಿಯಿಲ್ಲ ಎಂದು ಗಾದೆಯೇ ಇದೆ, ತಪ್ಪೇನಿಲ್ಲ. ಆದರೆ ದಿನಕ್ಕೆ ಒಬ್ಬರಿಗೆ 5 ಗ್ರಾಮಿನೊಳಗೆ, ಅಂದರೆ ಒಂದು ಟೀ ಚಮಚದಷ್ಟು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರಿನಲ್ಲಿ, ಉಪ್ಪಿನಕಾಯಿಯಲ್ಲಿ, ಹಪ್ಪಳದಲ್ಲಿ, ಅಂಗಡಿಯ ಖಾರದ ಪೊಟ್ಟಣದಲ್ಲಿ ನಮಗೆ ಅದಕ್ಕಿಂತ ಬಹಳ ಹೆಚ್ಚು ಒಳಗೆ ಹೋಗುತ್ತಿದೆ. ಎರಡನೆಯದು ಬೀಡಿ, ಸಿಗರೇಟು, ಗುಟ್ಕಾ. ಮೂರನೆಯದು ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದ ಬೋಂಡಾ, ಬಜ್ಜಿ. ನಾಲ್ಕನೆಯದು, ಬಿಪಿ ಮಾತ್ರೆಯನ್ನು "ಈಗ ಚೆನ್ನಾಗಿದೀನಲ್ಲ" ಅಂತ ಅರ್ಧಕ್ಕೆ ಬಿಡುವ ಚಾಳಿ. ಬಿಪಿ 140/90 ದಾಟಿದರೂ ಬಹಳ ಜನಕ್ಕೆ ತಲೆನೋವೂ ಬರುವುದಿಲ್ಲ. ನೋಡಿಸದ ಹೊರತು ತಿಳಿಯುವುದಿಲ್ಲ.

ಐದನೆಯದು ಎಲ್ಲಕ್ಕಿಂತ ಕ್ರೂರವಾದದ್ದು: "ಗ್ಯಾಸ್ ಕಣಪ್ಪ, ಒಂದು ಸೋಡಾ ಕುಡಿ" ಎಂಬ ಮಾತು. ಎದೆ ಮೇಲೆ ಕಲ್ಲಿಟ್ಟಂತೆ ಭಾರ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು ಬಂದರೆ ಅದು ಸೋಡಾ ಕುಡಿಯುವ ಹೊತ್ತಲ್ಲ. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸ, ವಾಕರಿಕೆ ಇರಬಹುದು. ಮುಚ್ಚಿದ ನಾಳವನ್ನು ಮೊದಲ ಒಂದೆರಡು ಗಂಟೆಯೊಳಗೆ ತೆರೆದರೆ ಹೃದಯದ ಸ್ನಾಯು ಉಳಿಯುತ್ತದೆ.

ಆ ಗಂಟೆಯನ್ನು ಉಳಿಸಲು ಈಗ ದಾರಿಗಳಿವೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬುಲೆನ್ಸ್ ಸೇವೆ ಬಂತು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಿಂದ ಹಳ್ಳಿಯ ವೈದ್ಯರಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪಿನಲ್ಲೇ ಇಸಿಜಿ ನೋಡಿ ಸಲಹೆ ಕೊಡುವ ಕ್ರಮ ಹಾಕಿದರು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ನಾಡೇ ಅತ್ತಿತು. ಅವರ ಹೆಸರಿನಲ್ಲಿ 2023ರಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವ ಏರ್ಪಾಡಾಯಿತು. 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವಂಥದ್ದು. ಇವೆಲ್ಲ ಇದ್ದೂ ರೋಗಿ ಸೋಡಾ ಅಂಗಡಿಯಲ್ಲೇ ಕೂತಿದ್ದರೆ ಏನು ಪ್ರಯೋಜನ?

ಆದ್ದರಿಂದ ಬೆಳ್ಳಿಹಬ್ಬದ ವರ್ಷದಲ್ಲಿ ನಮ್ಮ ಸಂಘದ ಮುಂದೆ ಒಂದು ಸಣ್ಣ ವಿನಂತಿ. ಹಾಲಿನ ಯಂತ್ರದ ಪಕ್ಕದಲ್ಲಿ ಒಂದು ಬಿಪಿ ಯಂತ್ರ ಇರಲಿ. ವಾರಕ್ಕೊಂದು ದಿನ, ಹಾಲು ಹಾಕಿ ಆದ ಮೇಲೆ ಐದು ನಿಮಿಷ ಕೂತು ತೋಳು ಚಾಚೋಣ. ಆಶಾ ಕಾರ್ಯಕರ್ತೆಯರನ್ನು ಗೌರವದಿಂದ ಕರೆಯೋಣ. ಬಿಪಿ ಇರುವವರು ಈ ತಿಂಗಳ ಮಾತ್ರೆ ತಂದಿದ್ದಾರೋ ಇಲ್ಲವೋ ಎಂದು ಪಕ್ಕದವರು ಕೇಳೋಣ. ತಾಲ್ಲೂಕು ಆಸ್ಪತ್ರೆಯ ನಂಬರನ್ನೂ 108ನ್ನೂ ಗೋಡೆಗೆ ದೊಡ್ಡದಾಗಿ ಬರೆಸೋಣ. ಸ್ತ್ರೀಶಕ್ತಿ ಸಂಘದ ಅಕ್ಕತಂಗಿಯರು ವರ್ಷಕ್ಕೊಮ್ಮೆ ಕಡಿಮೆ ಉಪ್ಪಿನ ಅಡುಗೆ ಮಾಡಿ ಊರಿಗೆ ಬಡಿಸಲಿ. ಇದಕ್ಕೆ ದೊಡ್ಡ ಹಣ ಬೇಡ, ಯಾರ ಅಪ್ಪಣೆಯೂ ಬೇಡ.

ಕಾಯಿಲೆ ಬಿದ್ದವನಿಗೆ ಐದು ರೂಪಾಯಿ ಹಾಕಿದ ಜನ ನಾವು. ಕಾಯಿಲೆ ಬೀಳದಂತೆ ಐದು ನಿಮಿಷ ಕೊಡುವುದು ನಮಗೆ ಕಷ್ಟವಾಗಬಾರದು. ಸಂಘದ ಸುವರ್ಣ ಮಹೋತ್ಸವಕ್ಕೆ ಇಂದು ಡೈರಿ ಮುಂದೆ ಸಾಲು ನಿಂತಿರುವವರೆಲ್ಲ ಇದ್ದು, ಮುಂದಿನ ಸಾಲಿನಲ್ಲಿ ಕೂರುವಂತಾಗಲಿ ಎಂದು ಹಾರೈಸುತ್ತೇವೆ.