ಥಾಣೆ ಜಿಲ್ಲೆ: ಸ್ಫೋಟಗಳ ನಂತರದ ಶಂಕೆ ಮತ್ತು ಪೂರ್ವಗ್ರಹ

ಭಯೋತ್ಪಾದಕ ದಾಳಿಯ ಬೆನ್ನಿಗೇ ಹೆಸರು, ಗಡ್ಡ, ಬುರ್ಖಾ, ವಿಳಾಸ ನೋಡಿ ಇಡೀ ಸಮುದಾಯವನ್ನು ಅನುಮಾನಿಸುವ ಪ್ರವೃತ್ತಿ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಪಟ್ಟಿಯಲ್ಲಿ ಮೂರು ದಶಕಗಳಿಂದ ಕಾಣುತ್ತದೆ. ಪಶ್ಚಿಮದ ದೇಶಗಳಲ್ಲಿ ಇದು ಜನಾಂಗದ ಪ್ರಶ್ನೆಯೂ ಹೌದು. ಇಲ್ಲಿ ಧರ್ಮದ್ದು, ವಾಸದ ಬಡಾವಣೆಯದ್ದು. ಈ ಕುರಿತ ಬರಹಗಳಲ್ಲಿ ಬಂಧನ, ಆರೋಪಮುಕ್ತಿ, ಖುಲಾಸೆಗಳನ್ನು ಒಂದರೊಳಗೊಂದು ಕಲಸಿಬಿಡುವ ರೂಢಿಯಿದೆ. ಪತ್ರಿಕೆಗಳ 'ಶಂಕಿತ ಉಗ್ರ' ನಾಲ್ಕು ದಿನ ಕಳೆಯುವಷ್ಟರಲ್ಲಿ ಬರೀ 'ಉಗ್ರ'ನಾಗಿರುತ್ತಾನೆ.

ಪಾರ್ಸಿಕ್ ಗುಡ್ಡದ ಬುಡದ ಮುಂಬ್ರಾ, ಥಾಣೆಗೂ ಡೊಂಬಿವಲಿಗೂ ನಡುವಿನ ರೈಲು ನಿಲ್ದಾಣ. 1992–93ರ ಮುಂಬಯಿ ಗಲಭೆಗಳ ನಂತರ, ಮಿಶ್ರ ವಸತಿಗಳಲ್ಲಿ ಇರಲು ಹೆದರಿದ ಮುಸ್ಲಿಂ ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು. ರಕ್ಷಣೆ ಅರಸಿ ಬಂದ ಊರಿನ ಹೆಸರೇ ಮುಂದೆ ಅನುಮಾನಕ್ಕೆ ಕಾರಣವಾಯಿತು. ಗಡ್ಡ, ಬುರ್ಖಾಗಳನ್ನು ಕಂಡೊಡನೆ ಶಂಕಿಸುವುದನ್ನೂ, ಕೆಲವು ಬ್ಯಾಂಕುಗಳು ಸುಲಭವಾಗಿ ಸಾಲ ಕೊಡದ ಪ್ರದೇಶಗಳನ್ನು ಗುರುತು ಹಾಕಿಕೊಂಡಿರುವುದನ್ನೂ ಮುಸ್ಲಿಮರ ಸ್ಥಿತಿಗತಿ ಕುರಿತ ಸಾಚಾರ್ ಸಮಿತಿ ದೇಶಮಟ್ಟದ ತನ್ನ 2006ರ ವರದಿಯಲ್ಲಿ ದಾಖಲಿಸಿದೆ.

2003ರ ಮಾರ್ಚ್ 13ರಂದು ಮುಂಬಯಿಯ ಮುಲುಂಡ್‌ನಲ್ಲಿ ಸ್ಫೋಟಕ್ಕೆ ತುತ್ತಾದದ್ದು ಕರ್ಜತ್ ಕಡೆಯ ಲೋಕಲ್; ಕಲ್ಯಾಣ, ಡೊಂಬಿವಲಿಯವರು ಮನೆಗೆ ಮರಳುವ ಗಾಡಿ. ಆ ಮೊಕದ್ದಮೆಯಲ್ಲಿ 2016ರಲ್ಲಿ 10 ಮಂದಿ ತಪ್ಪಿತಸ್ಥರೆಂದು ತೀರ್ಮಾನವಾಯಿತು, ಮೂವರು ಖುಲಾಸೆಯಾದರು. ಬಂಧಿತರೆಲ್ಲ ಅಮಾಯಕರೆಂಬ ಮಾತೂ ಪೂರ್ವಗ್ರಹವೇ.

ಹೆಚ್ಚು ವಿವಾದ ಇರುವುದು ಇಶ್ರತ್ ಜಹಾನ್ ಪ್ರಕರಣದಲ್ಲಿ. ಮಾಟುಂಗಾದ ಖಾಲ್ಸಾ ಕಾಲೇಜಿನಲ್ಲಿ ಓದುತ್ತಿದ್ದ, 19 ವರ್ಷದ ಈ ಮುಂಬ್ರಾ ಯುವತಿ 2004ರ ಜೂನ್ 15ರಂದು ಅಹಮದಾಬಾದ್ ಹೊರವಲಯದಲ್ಲಿ ಇನ್ನೂ ಮೂವರ ಜೊತೆ ಪೊಲೀಸರ ಗುಂಡಿಗೆ ಬಲಿಯಾದಳು. ನಾಲ್ವರೂ ಲಷ್ಕರ್-ಎ-ತೊಯ್ಬಾ ಉಗ್ರರೆಂದು ಗುಜರಾತ್ ಪೊಲೀಸರು ಹೇಳಿದರು. ಇದು ನಕಲಿ ಎನ್‌ಕೌಂಟರ್ ಎಂದು 2009ರಲ್ಲಿ ಮ್ಯಾಜಿಸ್ಟ್ರೇಟ್ ತಮಾಂಗ್, 2011ರಲ್ಲಿ ವಿಶೇಷ ತನಿಖಾ ತಂಡ, 2013ರ ದೋಷಾರೋಪ ಪಟ್ಟಿಯಲ್ಲಿ ಸಿಬಿಐ ಹೇಳಿದವು. 2021ರ ಮಾರ್ಚ್‌ನಲ್ಲಿ ಆರೋಪಿಗಳಾಗಿ ಉಳಿದಿದ್ದ ಮೂವರು ಪೊಲೀಸ್ ಅಧಿಕಾರಿಗಳನ್ನೂ ವಿಶೇಷ ನ್ಯಾಯಾಲಯ ಆರೋಪದಿಂದ ಕೈಬಿಟ್ಟಿತು. ಸತ್ತವರು ಉಗ್ರರಲ್ಲ ಎನ್ನಲು ಆಧಾರವಿಲ್ಲ ಎಂದೂ ಹೇಳಿತು. ಪೂರ್ಣ ವಿಚಾರಣೆ ಮಾತ್ರ ಎಂದೂ ನಡೆಯಲಿಲ್ಲ. ಹೀಗಾಗಿ ಆಕೆ ಉಗ್ರಳೆಂದು ಸಾಬೀತಾಗಿದೆ ಎನ್ನುವವರೂ ನಿರಪರಾಧಿಯೆಂದು ಸಾಬೀತಾಗಿದೆ ಎನ್ನುವವರೂ ಇಲ್ಲದ ತೀರ್ಪನ್ನು ಓದುತ್ತಿದ್ದಾರೆ.

2008ರ ಮೇ 31ರಂದು ವಾಶಿಯ ವಿಷ್ಣುದಾಸ ಭಾವೆ ನಾಟ್ಯಗೃಹದಲ್ಲಿ ಬಾಂಬ್ ಸಿಕ್ಕಿತು. ಜೂನ್ 4ರಂದು ಥಾಣೆಯ ಗಡ್ಕರಿ ರಂಗಾಯತನದ ವಾಹನ ನಿಲುಗಡೆಯಲ್ಲಿ ಸ್ಫೋಟವಾಗಿ ಏಳು ಮಂದಿ ಗಾಯಗೊಂಡರು. 'ಆಮ್ಹಿ ಪಾಚಪುತೆ' ಎಂಬ ಮರಾಠಿ ನಾಟಕದ ಮೇಲಿನ ಸಿಟ್ಟು ಇದಕ್ಕೆ ಕಾರಣ. ಹೇಮಂತ್ ಕರ್ಕರೆ ನೇತೃತ್ವದ ಭಯೋತ್ಪಾದನಾ ನಿಗ್ರಹ ದಳ (ಎಟಿಎಸ್) ಹಿಡಿದವರು ಹಿಂದೂ ಸಂಘಟನೆಯಾದ ಸನಾತನ ಸಂಸ್ಥೆಯ ನಂಟಿನವರು. 2011ರಲ್ಲಿ ಇಬ್ಬರಿಗೆ 10 ವರ್ಷ ಶಿಕ್ಷೆಯಾಯಿತು, ನಾಲ್ವರು ಖುಲಾಸೆಯಾದರು. ಈ ಪ್ರಕರಣದಿಂದ ಯಾವ ಬಡಾವಣೆಗೂ ಕೆಟ್ಟ ಹೆಸರು ಅಂಟಲಿಲ್ಲ.

2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಇಮೇಲ್‌ನ ಜಾಡು ನವಿ ಮುಂಬಯಿಯ ಸಾನ್‌ಪಾಡಾದ ಫ್ಲಾಟೊಂದಕ್ಕೆ ಬಂತು. ಅಲ್ಲಿದ್ದ ಅಮೆರಿಕದ ಪ್ರಜೆಯ ವೈ-ಫೈ ಸಂಪರ್ಕವನ್ನು ಯಾರೋ ಬಳಸಿಕೊಂಡಿದ್ದರು. ಪೊಲೀಸರು ಪ್ರಶ್ನಿಸಿದರು, ಬಂಧಿಸಲಿಲ್ಲ. ಆತ ತಿಂಗಳೊಳಗೆ ಸ್ವದೇಶಕ್ಕೆ ಹೋದ. ಇದಕ್ಕೆ ಒಂದು ವರ್ಷ ಮುಂಚೆ, ಗ್ಲಾಸ್ಗೊ ದಾಳಿಯ ನಂತರ, ಮೂಡಿಗೆರೆ ಮೂಲದ ವೈದ್ಯ ಮಹಮ್ಮದ್ ಹನೀಫ್ ಬ್ರಿಟನ್‌ನಲ್ಲಿ ಸಂಬಂಧಿಕನಿಗೆ ಬಿಟ್ಟುಬಂದಿದ್ದ ಸಿಮ್ ಕಾರ್ಡ್‌ಗಾಗಿ ಆಸ್ಟ್ರೇಲಿಯಾ ಪೊಲೀಸರು ಅವರನ್ನು ಆರೋಪ ಹೊರಿಸದೆ 12 ದಿನ ಇಟ್ಟುಕೊಂಡಿದ್ದರು. ಆಮೇಲೆ ಹೊರಿಸಿದ ಆರೋಪ ಬಿದ್ದುಹೋಯಿತು, 2010ರಲ್ಲಿ ಪರಿಹಾರವೂ ಸಿಕ್ಕಿತು. ದೇಶ ಬೇರೆ, ಕಾನೂನು ಬೇರೆ. ಆದರೂ ಎರಡನ್ನೂ ಜೊತೆಗಿಟ್ಟು ನೋಡುವುದು ಉಪಯುಕ್ತ.

2014ರಲ್ಲಿ ಕಲ್ಯಾಣದ ನಾಲ್ವರು ಯುವಕರು ಐಸಿಸ್ ಸೇರಲು ಇರಾಕ್‌ಗೆ ಹೋದ ಮೇಲೆ ಆ ಊರಿನ ಹೆಸರೂ ಸುದ್ದಿಗೆ ಬಿತ್ತು.

2006ರ ಜುಲೈ 11ರ ಮುಂಬಯಿ ಲೋಕಲ್ ರೈಲು ಸ್ಫೋಟಗಳಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. 2015ರಲ್ಲಿ 12 ಮಂದಿಗೆ ಶಿಕ್ಷೆಯಾಯಿತು, ಐವರಿಗೆ ಗಲ್ಲು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟ್ 12 ಮಂದಿಯನ್ನೂ ಖುಲಾಸೆ ಮಾಡಿತು. ಮೂರು ದಿನಗಳ ನಂತರ ಸುಪ್ರೀಂ ಕೋರ್ಟ್, ಈ ತೀರ್ಪನ್ನು ಬೇರೆ ಪ್ರಕರಣಗಳಿಗೆ ಪೂರ್ವನಿದರ್ಶನವಾಗಿ ಬಳಸಬಾರದೆಂದಿತು, ಬಿಡುಗಡೆಯಾದವರನ್ನು ಮತ್ತೆ ಜೈಲಿಗೆ ಕಳಿಸಲಿಲ್ಲ. ಗಲ್ಲುಶಿಕ್ಷೆಯಾಗಿದ್ದವರಲ್ಲಿ ಒಬ್ಬರು ನಾಗಪುರ ಜೈಲಿನ ಕೈದಿಯಾಗಿದ್ದಾಗಲೇ 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡಿದ್ದರು. ಖುಲಾಸೆಯಾದ 12 ಮಂದಿಯಲ್ಲಿ ಅವರೂ ಸೇರಿದ್ದಾರೆ.