ಸಂಜೆಯ ತೇರ್ಸ್

ಮಂಗಳೂರು ಸೀಮೆಯ ಕೊಂಕಣಿ ಕ್ರೈಸ್ತರ ಚರಿತ್ರೆ ಹೇಳುವವರು ಹೆಚ್ಚಾಗಿ ಇಗರ್ಜಿಗಳಿಂದ ಶುರು ಮಾಡುತ್ತಾರೆ. ಯಾವುದು ಎಂದು ಎದ್ದಿತು, ಎಂದು ಬಿತ್ತು ಎನ್ನುವುದೇ ಕಥೆಯ ಬೆನ್ನೆಲುಬು. ಆದರೆ ಈ ಜನರ ವಿಶ್ವಾಸ ಬಾಳಿದ್ದು ಮನೆಯೊಳಗೆ ಎಂದು ನನಗೆ ಅನ್ನಿಸುತ್ತದೆ. ಸಂಜೆ ಆಮೊರಿಯ, ಅಂದರೆ ಇಗರ್ಜಿಯ ಸಂಜೆ ಪ್ರಾರ್ಥನೆಯ, ಗಂಟೆ ಆದ ಮೇಲೆ ದೀಪದ ಮುಂದೆ ಮನೆಮಂದಿಯೆಲ್ಲ ಮೊಣಕಾಲೂರಿ ಹೇಳುವ ತೇರ್ಸ್ ಅದನ್ನು ಕಾಯ್ದಿದೆ. ಹೆಸರು ಪೋರ್ಚುಗೀಸಿನದು, ಅರ್ಥ ಮೂರರಲ್ಲೊಂದು ಪಾಲು. ಹಳೆಯ ಲೆಕ್ಕದಂತೆ ಹತ್ತು ಹತ್ತು ನಮೋ ಮರಿಯಾಗಳ ಹದಿನೈದು ಸುತ್ತಿನ ಇಡೀ ಜಪಸರದಲ್ಲಿ ದಿನಕ್ಕೆ ಐದು ಸುತ್ತು ಸಾಕು. ಗೇಯ್ದು ದಣಿದ ಜನರಿಗೆ ಅಷ್ಟೇ ನಿಲುಕುವುದು. ಬಲಿಪೂಜೆಗೆ ಪಾದ್ರಿ ಬೇಕು, ಪೀಠ ಬೇಕು. ತೇರ್ಸಿಗೆ ಪುಸ್ತಕವೂ ಬೇಡ. ಮಣಿಸರ ಇಲ್ಲದಿದ್ದರೆ ಹತ್ತು ಬೆರಳಿವೆ.

ಈ ವ್ಯತ್ಯಾಸದ ಬೆಲೆ ಗೊತ್ತಾದದ್ದು 1784ರಲ್ಲಿ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಅದು ಬೂದಿ ಬುಧವಾರ ಎಂದು ಸಮುದಾಯ ನೆನೆಯುತ್ತದೆ. ಸೆರೆಯಾದವರ ಲೆಕ್ಕ 30,000ದಿಂದ 60,000ದ ಆಚೆಗೂ ಹೋಗುತ್ತದೆ. ಪಾದ್ರಿಗಳನ್ನು ಗಡೀಪಾರು ಮಾಡಲಾಯಿತು, ಇಗರ್ಜಿಗಳು ನೆಲಸಮವಾದವು. ಹೈದರಾಲಿಗೆ ಆಪ್ತರಾಗಿದ್ದ ಪಾದ್ರಿ ಜೊಆಕಿಂ ಮಿರಾಂದರ ನೆನಪಿನಿಂದ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿ ಉಳಿಯಿತಂತೆ. ಸೆರೆಯ ಹದಿನೈದು ವರ್ಷವೆಂದರೆ ಕೈಗೂಸು ಮದುವೆಯ ವಯಸ್ಸಿಗೆ ಬರುವಷ್ಟು ಕಾಲ. ಆದರೂ 1799ರಲ್ಲಿ ಬಿಡುಗಡೆಯಾಗಿ ಬಂದವರು ಬಿದ್ದ ಗೋಡೆಗಳನ್ನು ಮತ್ತೆ ಎತ್ತಿದರು. ಮಕ್ಕಳಿಗೆ ಮನೆಯಲ್ಲಿ ಯಾರೂ ಪ್ರಾರ್ಥನೆ ಕಲಿಸಿರದಿದ್ದರೆ, ಆ ಗೋಡೆಗಳೊಳಗೆ ಏನು ಮಾಡಬೇಕೆಂಬುದು ಯಾರಿಗೆ ತಿಳಿದಿರುತ್ತಿತ್ತು?

ಹಾಗಾದರೆ ಮರಳಿದ ಪಾದ್ರಿಗಳದ್ದು, ಜಾತಿ ಮತ್ತು ನೆಂಟಸ್ತನದ ಕಟ್ಟುಗಳದ್ದು ಏನೂ ಪಾತ್ರವಿಲ್ಲವೇ ಎಂದು ಕೇಳಬಹುದು. ಖಂಡಿತ ಇದೆ. ಶ್ರೀರಂಗಪಟ್ಟಣದಲ್ಲಿ ಚದುರಿದವರನ್ನು ಒಟ್ಟುಗೂಡಿಸಲು ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಪಟ್ಟ ಶ್ರಮ ಸಣ್ಣದಲ್ಲ. ಮತಾಂತರದ ಒತ್ತಾಯಕ್ಕೆ ಮಣಿದು ಅಲ್ಲೇ ಉಳಿದವರ ಮೇಲೆ ತೀರ್ಪು ಕೊಡುವ ಹಕ್ಕೂ ನಮಗಿಲ್ಲ. ಆದರೆ ಪಾದ್ರಿ ಬಂದು ಊದಲು ಒಲೆಯಲ್ಲಿ ಕೆಂಡವಿರಬೇಕು. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಅದೇ ಮಾತನ್ನು ದಿನವೂ ಐವತ್ತು ಸಲ ಹೇಳುವುದು ಬಾಯಿಪಾಠ, ಭಕ್ತಿಯಲ್ಲ. ತೂಕಡಿಸುತ್ತ ಹೇಳಿದ ತೇರ್ಸುಗಳೇ ಹೆಚ್ಚಿರಬಹುದು, ಒಪ್ಪುತ್ತೇನೆ. ಆದರೆ ಅದರ ಕೊನೆಯಲ್ಲಿ ಬರುವ ಬೆಸಾಂವ್ ನೋಡಿ. ಕಿರಿಯರು ಒಬ್ಬೊಬ್ಬರಾಗಿ ಹಿರಿಯರ ಮುಂದೆ ಕೈಮುಗಿದು ಆಶೀರ್ವಾದ ಬೇಡುತ್ತಾರೆ. ಹಗಲಿಡೀ ಮುನಿಸಿಕೊಂಡ ಸೊಸೆ ಅತ್ತೆಯೆದುರು ನಿಲ್ಲಬೇಕು, ಅತ್ತೆ ಬಾಯ್ತುಂಬ ಹರಸಬೇಕು. ಇದರಲ್ಲಿ ಹಿರಿತನದ ದರ್ಪಕ್ಕೂ ಜಾಗವಿತ್ತು, ನಿಜ. ಆದರೂ ಮುನಿಸನ್ನು ಮಲಗುವ ತನಕ ಒಯ್ಯಲು ಬಿಡದ ಈ ಪದ್ಧತಿಯನ್ನು ಬರಿಯ ಬಾಯಿಪಾಠ ಎನ್ನಲು ನನಗೆ ಮನಸ್ಸು ಬಾರದು.

ಮರಿಯಮ್ಮನ ಹುಟ್ಟುಹಬ್ಬವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬವೂ ಮನೆಯೊಳಗಿನ ಇದೇ ಜಾಡಿನದು. ಹೆಸರು ಬಂದದ್ದು ಫರಂಗಿಪೇಟೆಯ ಆ ಮೊಂತೆಯಿಂದಲೇ. ಇಗರ್ಜಿಯಲ್ಲಿ ಹರಸಿದ ಹೊಸ ತೆನೆ ಮನೆಗೆ ಬರುತ್ತದೆ. ಸುಲಿದ ಭತ್ತದ ನಾಲ್ಕಾರು ಕಾಳು ಹಾಲಿಗೋ ಪಾಯಸಕ್ಕೋ ಬಿದ್ದು ಎಲ್ಲರಿಗೂ ಹಂಚಿಕೆಯಾಗುತ್ತದೆ. ಗದ್ದೆ ಮಾರಿದವರೂ ಇದನ್ನು ಬಿಟ್ಟಿಲ್ಲ. ಮುಂಬೈಗೆ, ಕೊಲ್ಲಿಗೆ ಹೋದ ಮಕ್ಕಳಿಗೆ ಆ ಕಾಳು ಲಕೋಟೆಯೊಳಗೆ ಅಂಚೆಯಲ್ಲಿ ಹೋಗುತ್ತದೆ.