ಎಳವೆಯ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಅಕ್ಷಿಪಟಲದ ಹಾನಿ

18 ವರ್ಷ ತುಂಬುವ ಮೊದಲೇ ಮಲ್ಟಿಪಲ್ ಸ್ಕ್ಲೆರೋಸಿಸ್ ಶುರುವಾದವರಲ್ಲಿ ಅಕ್ಷಿಪಟಲದ ಒಳಪದರಗಳು ತೆಳುವಾಗುವುದುಂಟು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ನರಗಳ ಮಯಲಿನ್ ಹೊದಿಕೆಯನ್ನು ಕೆಡಿಸುವ ರೋಗ. ಅಕ್ಷಿಪಟಲದೊಳಗಿನ ನರತಂತುಗಳಿಗೆ ಸಾಮಾನ್ಯವಾಗಿ ಆ ಹೊದಿಕೆ ಇರುವುದಿಲ್ಲ. ಆದರೆ ಅವೇ ತಂತುಗಳು ಹಿಂದಕ್ಕೆ ದೃಷ್ಟಿನರವಾಗಿ ಸಾಗುತ್ತವೆ. ಅಲ್ಲಿ ಬಿದ್ದ ಪೆಟ್ಟು ಹಿಮ್ಮುಖವಾಗಿ ಬಂದು ಆ ತಂತುಗಳ ಮೂಲವಾದ ಗ್ಯಾಂಗ್ಲಿಯನ್ ಕೋಶಗಳನ್ನು ಸಾಯಿಸುತ್ತದೆ. ದೃಷ್ಟಿನರದ ಉರಿಯೂತ ಒಮ್ಮೆಯೂ ಬಾರದ ಕಣ್ಣಿನಲ್ಲೂ ಈ ಸವೆತ ಕಾಣಬಹುದು.

ದೃಷ್ಟಿನರದ ಉರಿಯೂತ ಬಂದಾಗ ಸಾಮಾನ್ಯವಾಗಿ ಒಂದು ಕಣ್ಣು ಕೆಲವೇ ದಿನಗಳಲ್ಲಿ ಮಸುಕಾಗುತ್ತದೆ, ಹೊರಳಿಸಿದರೆ ನೋಯುತ್ತದೆ, ಕೆಂಪು ಬಣ್ಣ ಕಳೆಗುಂದುತ್ತದೆ. ಮಗು ಇನ್ನೊಂದು ಕಣ್ಣಿನಿಂದ ಸುಧಾರಿಸಿಕೊಂಡು ಓದುವುದರಿಂದ ಮನೆಯವರಿಗೆ ಗೊತ್ತಾಗುವುದು ತಡ. ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಚಷ್ಮಾ ಬದಲಿಸಿದರೂ ಹೋಗದ ಮಸುಕನ್ನು ಹಗುರವಾಗಿ ಕಾಣಲೇಬಾರದು.

ಅಕ್ಷಿಪಟಲದ ಪದರಗಳ ದಪ್ಪವನ್ನು ಓಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ) ಸ್ಕ್ಯಾನ್ ಮೈಕ್ರಾನ್ ಲೆಕ್ಕದಲ್ಲಿ, ಸೂಜಿಯಿಲ್ಲದೆ, ಕೆಲವೇ ನಿಮಿಷಗಳಲ್ಲಿ ಅಳೆಯುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೇ ಹೋಲುವ ಬೇರೆ ರೋಗಗಳನ್ನು ಗುರುತಿಸಲು ಎಂಒಜಿ, ಅಕ್ವಪೊರಿನ್-4 ಪ್ರತಿಕಾಯಗಳ ರಕ್ತಪರೀಕ್ಷೆ ಬೇಕು. ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್‌ನ ಡ್ರಿಪ್ ದೃಷ್ಟಿ ಮರಳುವುದನ್ನು ಬೇಗವಾಗಿಸುತ್ತದೆ, ಆದರೆ ಸತ್ತ ಕೋಶಗಳನ್ನು ತಂದುಕೊಡುವುದಿಲ್ಲ. ಆದ್ದರಿಂದ ಮರುಕಳಿಕೆ ತಡೆಯುವ ಔಷಧಿಯೇ ಮುಖ್ಯ. ಅಂಥ ಔಷಧಿಯಾದ ಫಿಂಗೊಲಿಮೋಡ್ ಅನ್ನು 10 ವರ್ಷ ಮತ್ತು ಮೇಲ್ಪಟ್ಟ ಮಕ್ಕಳಿಗೆ ಬಳಸಲು ಅಮೆರಿಕ 2018ರಲ್ಲಿ ಒಪ್ಪಿಗೆ ನೀಡಿತು.

ಕರ್ನಾಟಕದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಅದನ್ನು ಹೋಲುವ ರೋಗಗಳ ದಾಖಲಾತಿಗೆ ಮಂಗಳೂರಿನ ಡಾ. ಲೇಖಾ ಪಂಡಿತ್ ಅವರ ಕೆಲಸ ದೊಡ್ಡದು. ಚಿಕಿತ್ಸೆಗೆ ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಕಡೆಯವರಿಗೆ ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜು ಬೀದರ್ ನಗರದ ಬ್ರಿಮ್ಸ್ (ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ). ದೊಡ್ಡ ನಗರಕ್ಕೆ ಹೋಗಬೇಕಾದರೆ ಅಲ್ಲಿಂದ ಹೈದರಾಬಾದ್ ಬೆಂಗಳೂರಿಗಿಂತ ಬಹಳ ಹತ್ತಿರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿದ 21 ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಸೇರಿದೆ.